ಮೇಸ್ತ್ರಿ ಮಡಿಸಿ ನೋಡುತ್ತಿದ್ದ ತಗಡು

ಮೊನ್ನೆ ಬ್ರೂಸ್‌ಪೇಟೆಯ ಅಂಗಡಿಯಿಂದ ತಂದ ಉಪ್ಪಿನಕಾಯಿ ಡಬ್ಬಿಯ ಒಳ ಅಂಚಿನಲ್ಲಿ ಕೂದಲೆಳೆಯಷ್ಟು ತುಕ್ಕು ಕಂಡಿತು. ಹುಳಿಯ ಜೊತೆ ಕಬ್ಬಿಣದ ವಾಸನೆ. ಮೇಸ್ತ್ರಿ ನೆನಪಾದರು…

ಬಳ್ಳಾರಿಯ ಹೊರಗೆ, ಡಬ್ಬಿಗಳಿಗೆ ಬೇಕಾದ ಉಕ್ಕಿನ ತಗಡು ತಯಾರಿಸುವ ಸಣ್ಣ ಕಾರ್ಖಾನೆಯಲ್ಲಿ ನಾನು ಗುಣಮಟ್ಟ ನೋಡುತ್ತಿದ್ದೆ. ಎಂ.ಎಸ್ಸಿ. ಮುಗಿಸಿ ಹೊಸದಾಗಿ ಸೇರಿದವನು. ಹುಳಿ ತಾಗಿ ತುಕ್ಕು ಹಿಡಿಯದಂತೆ, ಕಾಸಿದ ತಗಡಿಗೆ ತೆಳು ಪ್ಲಾಸ್ಟಿಕ್ ಹಾಳೆಯನ್ನು ರೋಲರ್‌ಗಳ ನಡುವೆ ಒತ್ತಿ ಅಂಟಿಸುವ ಯಂತ್ರ ನಡೆಸುತ್ತಿದ್ದವರು ಮೇಸ್ತ್ರಿ. ಸಿರುಗುಪ್ಪದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಕಾವು ಕಡಿಮೆಯಾದರೆ ಹಾಳೆ ಸುಲಿದು ಬರುತ್ತದೆ. ಮಿತಿಮೀರಿದರೆ ಚೆನ್ನಾಗಿಯೇ ಅಂಟುತ್ತದೆ, ಆದರೆ ಕರಗಿ ಕಸುವು ಕಳೆದುಕೊಂಡು, ತಗಡು ಮಡಿಸಿದಲ್ಲಿ ಬಿರಿಯುತ್ತದೆ. ಇದನ್ನು ನಾನು ಓದಿದ್ದೆ. ಮೇಸ್ತ್ರಿ ಓದಿರಲಿಲ್ಲ. ಹಾಳೆ ಅಂಟಿಸಿದ ತಗಡಿನಿಂದ ಪಟ್ಟಿಯೊಂದನ್ನು ಕತ್ತರಿಸಿ, ಮಡಿಸಿ, ಬುತ್ತಿಯ ಹುಣಸೆ ಚಟ್ನಿಯಲ್ಲಿ ಅದ್ದಿಟ್ಟು ಮರುದಿನ ಮಡಿಸಿದಲ್ಲಿ ತುಕ್ಕು ಹುಡುಕುತ್ತಿದ್ದರು.

"ಚಟ್ನಿ ತಗಡಿಗೋ, ನಿಮಗೋ?" ಎಂದು ನಾನು ನಗುತ್ತಿದ್ದೆ.

"ತಗಡು ಉಂಡು ಮಿಕ್ಕಿದ್ದು ನನಗ್ರಿ."

ಕುರುಗೋಡಿನ ಉಪ್ಪಿನಕಾಯಿ ತಯಾರಕರೊಬ್ಬರ ಮೊದಲ ಆರ್ಡರ್ ಬಂದಿತ್ತು. ಹಾಳೆ ನನ್ನ ಉಗುರಿಗೇ ಸುಲಿದು ಬಂತು. ಕಾವು ಏರಿಸಲು ಹೇಳಿದೆ, ಏರಿಸಿದರು. ಅಂಟಿತು. ಇನ್ನೂ ಗಟ್ಟಿಯಾಗಲೆಂದು ಮತ್ತೆ ಏರಿಸಲು ಹೇಳಿದೆ.

"ಸಾಕ್ರಿ ಸಾರ್. ಅಂಟಿದ್ದೆಲ್ಲ ಗಟ್ಟಿ ಅಲ್ರಿ. ನಾಳಿ ತನಕ ತಡೀರಿ, ಪಟ್ಟಿ ನೋಡೂಣು."

"ನಾಳಿ ಲಾರಿ ಬರ್ತೈತಿ ಮೇಸ್ತ್ರಿ. ಏರಿಸ್ರಿ."

ಅವರು ಬೇಡವೆಂದದ್ದು ಒಮ್ಮೆಯೋ, ಹಲವು ಸಲವೋ… ನನ್ನ ನೆನಪಿನಲ್ಲಿ ಒಮ್ಮೆ ಮಾತ್ರ. ಅದು ನನಗೆ ಅನುಕೂಲವಾದ ನೆನಪು, ಹಾಗಾಗಿ ನಂಬುವುದಿಲ್ಲ.

ಕೆಲವೇ ವಾರಗಳಲ್ಲಿ ಡಬ್ಬಿಗಳು ಮರಳಿದವು. ಮಡಿಸಿದ ಅಂಚುಗಳಲ್ಲೆಲ್ಲ ತುಕ್ಕು. ವರದಿ ಬರೆಯಬೇಕಾದವನು ನಾನೇ. ಯಂತ್ರ ನಡೆಸುವವರು ಕಾವನ್ನು ಮಿತಿಮೀರಿ ಏರಿಸಿದ್ದಾರೆ ಎಂದು ಬರೆದೆ. ಸುಳ್ಳಲ್ಲ, ಏರಿಸಿದ ಕೈ ಅವರದೇ. ಹೇಳಿದ ಬಾಯಿಯ ಬಗ್ಗೆ ಬರೆಯಲಿಲ್ಲ. ಮೇಸ್ತ್ರಿಯನ್ನು ಕೆಲಸದಿಂದ ತೆಗೆದರು. ಹೋಗುವಾಗ ನನ್ನತ್ತ ನೋಡಿದರೇ? ನಾನು ತಲೆ ಎತ್ತಲಿಲ್ಲ, ಗೊತ್ತಿಲ್ಲ.

ನಿನ್ನೆ ಸಿರುಗುಪ್ಪಕ್ಕೆ ಹೋದೆ, ಇಷ್ಟು ವರ್ಷಗಳ ಮೇಲೆ, ಎಲ್ಲ ಹೇಳಿಬಿಡಬೇಕೆಂದು. ಮೇಸ್ತ್ರಿ ಹೋದ ವರ್ಷ ತೀರಿಕೊಂಡಿದ್ದರು. ಅವರ ಹೆಂಡತಿ ಚಹಾ ತಂದಿಟ್ಟು ಎದುರಿಗೆ ಕುಳಿತರು.

"ಓದಿದೋರು ಬರದಾರಂದ್ರ ತಪ್ಪು ನಂದ ಇರಬೇಕು ಅಂತಿದ್ರು. ಕಡೀತನಕ ಅದನ್ನ ಮನಸಿಗೆ ಹಚ್ಕೊಂಡು ಕುಂತ್ರು. ಹೌದೇನ್ರಿ ಸಾರ್, ತಪ್ಪು ಅವರದ ಏನು?"

"ಹಳೇ ಮಾತು ಬಿಡ್ರಿ ಅಮ್ಮಾ" ಅಂದೆ.

ಚಹಾ ಕುಡಿದು, ಬಳ್ಳಾರಿಯ ಬಸ್ಸು ಹಿಡಿದೆ.