ಪುಕ್ಕಲಿ ಸಭೆ ಎಬ್ಬಿಸಿದ ದಿನ

ಅವಳಿಗೆ ಪುಕ್ಕಲಿ ಎಂದು ಹೆಸರಿಟ್ಟವನು ಸ್ವಂತ ಅಣ್ಣ. ಚಿಕ್ಕಂದಿನಲ್ಲಿ ಖಾಲಿ ನಲ್ಲಿಯೊಳಗೆ ಗಾಳಿ ಬುಸುಗುಟ್ಟಿದರೂ ಸಾಕು, ಓಡಿಹೋಗಿ ಅಮ್ಮನ ಬೆನ್ನಿಗೆ ಅಂಟಿಕೊಳ್ಳುತ್ತಿದ್ದಳಂತೆ. ಮದುವೆಯಾಗಿ, ಮಗಳು ಕಾಲೇಜು ಸೇರಿದ ಮೇಲೂ ಆ ಹೆಸರು ಉದುರಲಿಲ್ಲ. ಅಣ್ಣನ ಬಾಯಿಂದ ಗಂಡನ ಬಾಯಿಗೆ ಬಂದು, ಅಲ್ಲಿಂದ ಆಫೀಸಿಗೂ ತಲುಪಿತು. ಅವಳಿಗೇನೂ ಬೇಸರವಿರಲಿಲ್ಲ. ಅವಳ ಅನ್ನಕ್ಕೆ ದಾರಿಯಾದದ್ದೇ ಆ ಭಯ. ಬೇರೆಯವರು ಬರೆದ ಸಾಫ್ಟ್‌ವೇರು ಜನರ ಕೈಗೆ ಹೋಗುವ ಮೊದಲು, ಅದು ಎಲ್ಲೆಲ್ಲಿ ಕೈಕೊಡಬಹುದು ಎಂದು ಹುಡುಕುವುದು ಅವಳ ಕೆಲಸ. "ನಾವು ಬುದ್ಧಿಗೆ ಸಂಬಳ ತಗೋತೀವಿ, ಇವಳು ಹೆದರೋದಕ್ಕೆ ತಗೋತಾಳೆ" ಎಂದು ಜೊತೆಯವರು ನಗುತ್ತಿದ್ದರು.

ಊರಿನ ಸಾಫ್ಟ್‌ವೇರ್ ಬರೆಯುವವರೆಲ್ಲ ವರ್ಷಕ್ಕೊಮ್ಮೆ ಸೇರುವ ಸಮ್ಮೇಳನವೊಂದಿತ್ತು. ಯಾವ ಕಂಪನಿಯದೂ ಅಲ್ಲ, ಆಸಕ್ತಿ ಇದ್ದವರು ಕೂಡಿ ನಡೆಸುವಂಥದ್ದು. ಮೊದಲಿನಿಂದ ಅದನ್ನು ಹೊತ್ತುಕೊಂಡಿದ್ದವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಶಾಲೆಯಲ್ಲಿ ಕಲಿಸಿದವರೇನಲ್ಲ, ಏನು ಕೇಳಿದರೂ ಪಾಠ ಶುರುಮಾಡುವವರು. ಆ ವರ್ಷ ಅವರ ಮೊಣಕಾಲಿಗೆ ಆಪರೇಷನ್ ಆಯಿತು. ನೋಡಲು ಹೋದ ಪುಕ್ಕಲಿಯನ್ನು ಮಂಚದ ಪಕ್ಕ ಕೂರಿಸಿಕೊಂಡರು.

"ಈ ಸಲ ನೀನೇ ನಡೆಸ್ಬೇಕು."

"ಅಯ್ಯೋ, ನನ್ ಕೈಲಾಗಲ್ಲ ಮೇಷ್ಟ್ರೇ!"

"ಧೈರ್ಯವಂತರಿಗೆ ಕೊಟ್ರೆ ಊಟ ಹೇಳೋದನ್ನೇ ಮರೀತಾರೆ. ನೀನಾದ್ರೆ ಹೆದ್ರಿ ಹೆದ್ರಿನೇ ಎಲ್ಲಾ ನೋಡ್ಕೋತೀಯ."

ಅಂಜುವವರ ಮೇಲೆ ಕಪ್ಪೆ ಎಸೆದ ಹಾಗಾಯಿತು. ಅಂದಿನಿಂದ ಅವಳಿಗೆ ನಿದ್ದೆ ಅರ್ಧ, ಊಟ ಕಾಲು. ಭಾಷಣಕಾರರು ಬರದಿದ್ದರೆ? ಮೈಕು ಕೆಟ್ಟರೆ? ಜನ ಬರದಿದ್ದರೆ, ಅಥವಾ ತೀರಾ ಹೆಚ್ಚು ಬಂದುಬಿಟ್ಟರೆ? ಬಾಡಿಗೆಗೆ ಸಿಕ್ಕಿದ್ದು ಒಂದು ಹಳೆಯ ನಾಟಕಶಾಲೆ. ಅದರ ಮೆಟ್ಟಿಲು, ಬಾಗಿಲು, ಶೌಚಾಲಯಗಳನ್ನೆಲ್ಲ ಅವಳು ಸುತ್ತಿ ಸುತ್ತಿ ನೋಡಿದಳು. ವೇದಿಕೆಯ ಹಿಂದೆ, ಕಟ್ಟಡದೊಳಗಿನ ಓಣಿಯಲ್ಲಿ ನಟರು ಬಣ್ಣ ಹಚ್ಚಿಕೊಳ್ಳುವ ಕೋಣೆಯೊಂದಿತ್ತು. ಗದ್ದಲ ತಾಳಲಾರದವರು ಸ್ವಲ್ಪ ಹೊತ್ತು ಸುಮ್ಮನೆ ಕೂರಲಿ ಎಂದು ಅದನ್ನು ಗುಡಿಸಿ, ಬೆಂಚು ಹಾಕಿಸಿ, 'ವಿಶ್ರಾಂತಿ ಕೋಣೆ' ಎಂದು ಚೀಟಿ ಅಂಟಿಸಿದವಳೂ ಅವಳೇ.

ಸಮ್ಮೇಳನದ ಬೆಳಿಗ್ಗೆ ಎಲ್ಲವೂ ಸುಸೂತ್ರವಾಗಿ ನಡೆಯಿತು. ಅದೇ ಅವಳನ್ನು ಇನ್ನಷ್ಟು ಹೆದರಿಸಿತು. ಊಟವಾದ ಮೇಲೆ, ಜನ ಯಾರಿಗಾಗಿ ಬಂದಿದ್ದರೋ ಆ ಹೆಸರಾಂತ ಭಾಷಣಕಾರರು ವೇದಿಕೆ ಹತ್ತಿದರು. ಒಂದು ಕುರ್ಚಿಯೂ ಖಾಲಿ ಇರಲಿಲ್ಲ, ಗೋಡೆಗೊರಗಿ ನಿಂತವರೂ ಇದ್ದರು. ಪುಕ್ಕಲಿ ಕೊನೆಯ ಸಾಲಿನ ಹಿಂದೆ, ಬಾಗಿಲ ಬಳಿ ನಿಂತು, ಎಲ್ಲರೂ ನಗುವಾಗ ತಾನೂ ನಗುತ್ತಿದ್ದಳು. ಆಗ ಮೂಗಿಗೆ ಏನೋ ಬಡಿಯಿತು. ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೆ ಮರೆತುಹೋದಂಥ ವಾಸನೆ.

ಅವಳು ನಾಟಕಶಾಲೆಯ ಎಲೆಕ್ಟ್ರಿಷಿಯನ್ನನ್ನು ಹುಡುಕಿಕೊಂಡು ಹೋದಳು.

"ದೀಪ ಬಿಸಿಯಾದ್ರೆ ಹೀಗೇ ಬರುತ್ತಮ್ಮಾ. ಧೂಳು ಸುಡೋ ವಾಸನೆ. ಹೊಸದೇನಲ್ಲ" ಎಂದ ಆತ.

ಸಮಾಧಾನ ಮಾಡಿಕೊಂಡು ವಾಪಸು ಬಂದಳು. ವಾಸನೆ ಹೋಗಿರಲಿಲ್ಲ. ಪಕ್ಕದಲ್ಲಿ ನಿಂತಿದ್ದವನನ್ನು ಕೇಳಿದಳು. ಅವನು ಮೂಗು ಏರಿಸಿ, ಭುಜ ಕುಣಿಸಿ, ಮತ್ತೆ ಭಾಷಣಕ್ಕೆ ಕಿವಿಗೊಟ್ಟ. ಮುಂದಿನ ಸಾಲಿನಲ್ಲಿ ಊರುಗೋಲು ಹಿಡಿದು ಕೂತಿದ್ದ ಮೇಷ್ಟ್ರ ಬಳಿ ಬಗ್ಗಿಕೊಂಡು ಹೋಗಿ ಪಿಸುಗುಟ್ಟಿದಳು.

"ಭಾಷಣ ಮುಗೀಲಿ ಮಾರಾಯ್ತಿ. ಈಗ ಎಬ್ಬಿಸಿದ್ರೆ ಇಷ್ಟು ಜನ ನಮ್ಮನ್ನ ಹರಿದು ತಿಂತಾರೆ" ಎಂದರು ಅವರು.

ಎಬ್ಬಿಸಿ ಏನೂ ಆಗದಿದ್ದರೆ ಜೀವನಪೂರ್ತಿ ನಗೆಪಾಟಲು. ಎಬ್ಬಿಸದೆ ಏನಾದರೂ ಆಗಿಬಿಟ್ಟರೆ? ಒಂದು ಭಯ ಹಿಂದಕ್ಕೆ ಎಳೆಯುತ್ತಿತ್ತು, ಇನ್ನೊಂದು ಮುಂದಕ್ಕೆ ದೂಡುತ್ತಿತ್ತು. ದೂಡಿದ್ದೇ ಗೆದ್ದಿತು. ವೇದಿಕೆಯ ಮೆಟ್ಟಿಲು ಹತ್ತಿದ್ದು ಅವಳಿಗೆ ಆಮೇಲೆ ನೆನಪಿರಲಿಲ್ಲ. ಭಾಷಣಕಾರರ ಬಾಯಿ ಅರ್ಧಕ್ಕೇ ನಿಂತಿತು. ಅವಳು ಮೈಕು ಹಿಡಿದಳು.

"ದಯವಿಟ್ಟು ಎಲ್ಲರೂ ಹೊರಗೆ ಹೋಗಿ. ಸುಟ್ಟ ವಾಸನೆ ಬರ್ತಿದೆ. ಓಡ್ಬೇಡಿ. ಬ್ಯಾಗು ಇರ್ಲಿ ಬಿಡಿ, ಹೋಗಿ."

ಯಾರೋ ನಕ್ಕರು. ಯಾರೋ "ಬೆಳಿಗ್ಗೆಯ ಕಾಫಿ ಸೀದಿರಬೇಕು" ಎಂದರು. ಆದರೆ ಅವಳ ಮುಖ ನೋಡಿದ ಮುಂದಿನ ಸಾಲಿನವರು ಎದ್ದರು, ಅವರನ್ನು ನೋಡಿ ಹಿಂದಿನವರೂ ಎದ್ದರು. ಸಭಾಂಗಣ ಖಾಲಿಯಾಗುವವರೆಗೂ ಅವಳು ಬಾಗಿಲಲ್ಲೇ ನಿಂತಿದ್ದಳು. ಮೇಲಿನ ಸಾಲು, ಕೆಳಗಿನ ಸಾಲು, ಎಲ್ಲವನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಒಂದು ನರಪಿಳ್ಳೆಯೂ ಇರಲಿಲ್ಲ. ಆಮೇಲೆ ಕರೆಂಟು ತೆಗೆಸಿದಳು.

ಬೀದಿಯಲ್ಲಿ ಗೊಣಗಾಟ ಜೋರಾಯಿತು. ಭಾಷಣಕಾರರು ಬಿಸಿಲಿಗೆ ಕೈ ಅಡ್ಡ ಹಿಡಿದು, ಯಾರಿಗೂ ಮುಖ ಕೊಡದೆ ನಿಂತಿದ್ದರು. ಭೂಮಿ ಬಾಯಿಬಿಡಬಾರದೇ ಎಂದುಕೊಂಡಳು ಪುಕ್ಕಲಿ. ಅಷ್ಟರಲ್ಲಿ ಏಣಿ ಹಾಕಿ ಚಾವಣಿಯ ಹಲಗೆ ತೆಗೆದಿದ್ದ ಎಲೆಕ್ಟ್ರಿಷಿಯನ್ ಹೊರಗೆ ಬಂದ. ಮುಖದಲ್ಲಿ ರಕ್ತವಿರಲಿಲ್ಲ.

"ವೈರೆಲ್ಲಾ ಕರಗಿ ಮರದ ತೊಲೆ ಕರ್ರಗಾಗಿದೆ ಅಮ್ಮಾ. ಇನ್ನೊಂಚೂರು ತಡ ಮಾಡಿದ್ರೆ ಹತ್ಕೊಂಡುಬಿಡ್ತಿತ್ತು."

ಮಾತು ಬಾಯಿಂದ ಬಾಯಿಗೆ ಹರಿಯಿತು. ಒಬ್ಬರು ಚಪ್ಪಾಳೆ ತಟ್ಟಿದರು, ಆಮೇಲೆ ಇಡೀ ಬೀದಿ ತಟ್ಟಿತು. ಭಾಷಣಕಾರರೇ ಬಂದು ಅವಳ ಕೈ ಕುಲುಕಿದರು. ಉಳಿದ ಭಾಷಣವನ್ನು ಅಲ್ಲೇ ಮರದ ನೆರಳಲ್ಲಿ ನಿಂತು ಮುಗಿಸಿದರು. ಅಂದು ಅವಳು ಮನೆಗೆ ಹೋಗಿ ಮಗುವಿನಂತೆ ಮಲಗಿದಳು.

ಮರುದಿನ, ಬಂದವರಿಗೆಲ್ಲ ಅಭಿಪ್ರಾಯ ಕೇಳಿ ಇಮೇಲ್ ಕಳಿಸಿದಳು. ಏನು ಚೆನ್ನಾಗಿತ್ತು, ಏನು ಇನ್ನೂ ಚೆನ್ನಾಗಬಹುದಿತ್ತು? ಉತ್ತರಗಳು ಬರತೊಡಗಿದವು. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಗಂಡ ಒಂದೊಂದಾಗಿ ಓದಿದ. ಕುರ್ಚಿ ಗಟ್ಟಿ. ಕಾಫಿ ತಣ್ಣಗಿತ್ತು. ಸಭೆ ಎಬ್ಬಿಸಿದ ಆ ಹೆಣ್ಣುಮಗಳಿಗೆ ನಮಸ್ಕಾರ.

"ನೋಡು, ಪುಕ್ಕಲಿ ಅಂತ ಕರೆಯೋ ಹಾಗೇ ಇಲ್ಲ ಇನ್ಮೇಲೆ" ಎಂದು ನಗುತ್ತಾ ಮುಂದಿನದಕ್ಕೆ ಹೋದವನು ತಟ್ಟನೆ ನಿಲ್ಲಿಸಿದ.

"ಯಾಕ್ರೀ? ಓದಿ."

"ನೀನೇ ಓದ್ಕೋ."

ಅವಳು ಪರದೆ ತನ್ನ ಕಡೆ ತಿರುಗಿಸಿಕೊಂಡಳು. 'ಭಾಷಣಗಳು ಚೆನ್ನಾಗಿದ್ದವು. ವಿಶ್ರಾಂತಿ ಕೋಣೆ ಇಟ್ಟಿದ್ದಕ್ಕೆ ವಂದನೆ. ನನಗೆ ಕಿವಿ ಕೇಳುವುದಿಲ್ಲ. ತಲೆನೋವೆಂದು ಕಿವಿಯ ಯಂತ್ರ ತೆಗೆದಿಟ್ಟು ಅಲ್ಲಿ ಮಲಗಿದ್ದೆ. ಹೊರಗೆ ಹೋಗಬೇಕೆಂದು ನನಗೆ ಯಾರೂ ಹೇಳಲಿಲ್ಲ. ಕರೆಂಟು ಹೋದ ಮೇಲೆ ನಾನು ಒಬ್ಬಳೇ ಒಳಗಿದ್ದೆ. ಮುಂದಿನ ಸಲ ಇದನ್ನು ಸರಿಪಡಿಸಬಹುದು.'

ಮುಗಿದುಹೋದ ದಿನವೊಂದು ಈಗ ಬೆಂಕಿ ಹತ್ತಿ ಉರಿಯತೊಡಗಿದ ಹಾಗೆ, ಅವಳು ಮೇಜಿನ ಅಂಚು ಹಿಡಿದು ಕೂತಳು. ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದಳು. ತಾನೇ ಗುಡಿಸಿದ ಕೋಣೆಯನ್ನು ಮಾತ್ರ ನೋಡಿರಲಿಲ್ಲ.

ಮೇಷ್ಟ್ರಿಗೆ ಫೋನ್ ಮಾಡಿದಳು. "ಏನೂ ಆಗ್ಲಿಲ್ವಲ್ಲ? ಕ್ಷಮೆ ಕೇಳಿ ಬಿಟ್ಬಿಡು. ಬೇರೆ ಯಾರಿಗೂ ಗೊತ್ತಿಲ್ಲ" ಎಂದರು ಮೇಷ್ಟ್ರು. ಅವಳು ಸರಿ ಎಂದು ಫೋನಿಟ್ಟು, ಆ ಹುಡುಗಿಗೆ ನಿಮ್ಮನ್ನು ನೋಡಬೇಕು ಎಂದು ಬರೆದಳು.

ಹುಡುಗಿ ತನ್ನ ಆಫೀಸಿನ ಕ್ಯಾಂಟೀನಿಗೆ ಕರೆದಳು. ಬೈದರೆ ಬೈಸಿಕೊಳ್ಳುವುದು, ದೂರು ಕೊಡುತ್ತೇನೆಂದರೆ ಒಪ್ಪಿಕೊಳ್ಳುವುದು ಎಂದು ದಾರಿಯುದ್ದಕ್ಕೂ ಹೇಳಿಕೊಳ್ಳುತ್ತಾ ಹೋದಳು ಪುಕ್ಕಲಿ. ಹುಡುಗಿ ಕಿಟಕಿಗೆ ಬೆನ್ನು ಕೊಟ್ಟು ಕೂತಿದ್ದಳು. ಬಂದವರ ಮುಖದ ಮೇಲೆ ಬೆಳಕು ಬೀಳಬೇಕು, ತುಟಿ ನೋಡಿ ಮಾತು ತಿಳಿಯಬೇಕು, ಅದಕ್ಕೆ. ಮಾತಾಡುವಾಗ ಅವಳ ದನಿ ಅಲ್ಲಲ್ಲಿ ಏರಿ ಇಳಿಯುತ್ತಿತ್ತು.

"ಕರೆಂಟು ಹೋಯ್ತು ಅಂದ್ಕೊಂಡೆ ಅಕ್ಕಾ. ಆಮೇಲೆ ವಾಸನೆ ಬಂತು. ಮೊಬೈಲ್ ಬೆಳಕಲ್ಲಿ ಓಣಿಗೆ ಬಂದ್ರೆ ಹಿಂದಿನ ಬಾಗಿಲಿಗೆ ಬೀಗ. ಎಷ್ಟು ಎಳೆದ್ರೂ ಬರ್ಲಿಲ್ಲ. ಹೇಗೋ ವೇದಿಕೆ ಮೇಲೆ ಬಂದೆ. ಅಷ್ಟು ಕುರ್ಚಿ. ಎಲ್ಲದರ ಮೇಲೂ ಬ್ಯಾಗು, ನೀರಿನ ಬಾಟ್ಲಿ. ಒಬ್ಬರೂ ಇಲ್ಲ. ಎಲ್ಲರಿಗೂ ಏನೋ ಗೊತ್ತಾಗಿದೆ, ನಂಗೊಬ್ಬಳಿಗೆ ಗೊತ್ತಿಲ್ಲ ಅನ್ನಿಸ್ತು. ಕಿರುಚಿದೆ ಅನ್ಸುತ್ತೆ. ಕೇಳಿಸ್ಲಿಲ್ಲ ನಂಗೆ."

"ಆಮೇಲೆ?"

"ಮುಂದಿನ ಬಾಗಿಲಿಂದ ಹೊರಗೆ ಬಂದೆ. ಎಲ್ಲರೂ ನಿಮ್ಮನ್ನ ನೋಡಿ ಚಪ್ಪಾಳೆ ತಟ್ತಿದ್ರು. ಯಾಕೆ ಅಂತ ಗೊತ್ತಿರ್ಲಿಲ್ಲ. ನಾನೂ ತಟ್ಟಿದೆ."

ಪುಕ್ಕಲಿ ಅಲ್ಲಿಯವರೆಗೆ ಹಿಡಿದಿಟ್ಟಿದ್ದ ಅಳು ಕಟ್ಟೆಯೊಡೆಯಿತು. ಕೈಯಿಂದ ಮುಖ ಮುಚ್ಚಿಕೊಂಡು ಏನೇನೋ ಹೇಳತೊಡಗಿದಳು. ಹುಡುಗಿ ಅವಳ ಮಣಿಕಟ್ಟು ಹಿಡಿದು ಕೈ ಕೆಳಗಿಳಿಸಿದಳು.

"ಅಳ್ಬೇಡಿ ಅಕ್ಕಾ. ಹಾಗೆ ಅತ್ಕೊಂಡು ಮಾತಾಡಿದ್ರೆ ನಂಗೊಂದಕ್ಷರ ಅರ್ಥ ಆಗಲ್ಲ."

ಅಳಲಾರದೆ ನಗಲಾರದೆ ಪುಕ್ಕಲಿ ಮೂಗು ಒರೆಸಿಕೊಂಡಳು. ಆಮೇಲೆ ಹುಡುಗಿಯ ಮುಖ ನೋಡಿಕೊಂಡು, ನಿಧಾನವಾಗಿ, ತಪ್ಪಾಯಿತು ಎಂದಳು. ಹುಡುಗಿ ಪರವಾಗಿಲ್ಲ ಎನ್ನಲಿಲ್ಲ. "ಹೌದು" ಎಂದಳು. ಈ ಸಂಗತಿಯನ್ನು ಸಮ್ಮೇಳನಕ್ಕೆ ಬಂದವರಿಗೆಲ್ಲ ತಿಳಿಸಲೇ ಎಂದು ಕೇಳಿದಾಗ, ಸ್ವಲ್ಪ ಯೋಚಿಸಿ, ತನ್ನ ಹೆಸರು ಬೇಡ ಎಂದು ಒಪ್ಪಿದಳು.

ಪುಕ್ಕಲಿ ನಡೆದದ್ದನ್ನೆಲ್ಲ ಬರೆದು ಎಲ್ಲರಿಗೂ ಕಳಿಸಿದಳು. ನಮಸ್ಕಾರ ಹೇಳಿದ್ದವರಲ್ಲಿ ಕೆಲವರು ಈಗ ಮುಖಕ್ಕೆ ಹೊಡೆದಂತೆ ಬರೆದರು. ಮೇಷ್ಟ್ರು ವಾರಗಟ್ಟಲೆ ಮಾತು ಬಿಟ್ಟರು. ಬಹುಮಂದಿ ಏನೂ ಬರೆಯಲಿಲ್ಲ, ಅದನ್ನು ತಾಳುವುದೇ ಅವಳಿಗೆ ಕಷ್ಟವಾಯಿತು.

ಮುಂದಿನ ವರ್ಷದ ಸಮ್ಮೇಳನಕ್ಕೆ ಬೇರೆ ಕಟ್ಟಡ ಹಿಡಿದರು. ಓಡಾಟಕ್ಕೆ ಆ ಹುಡುಗಿಯೂ ಸೇರಿದಳು. ಒಳಗಿನ ಕೋಣೆಗಳಲ್ಲೆಲ್ಲ ಅಪಾಯವಾದರೆ ಮಿನುಗುವ ಕೆಂಪು ದೀಪ ಹಾಕಿಸಿದ್ದರು. ಸಮ್ಮೇಳನದ ಹಿಂದಿನ ದಿನ ಹುಡುಗಿ ಕಿವಿಯ ಯಂತ್ರವನ್ನು ಪುಕ್ಕಲಿಯ ಕೈಗಿಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಪುಕ್ಕಲಿ ಗುಂಡಿ ಒತ್ತಿದಳು. ಗಂಟೆ ಕಿವಿ ಹರಿಯುವಂತೆ ಬಾರಿಸಿತು. ಬಾಗಿಲು ತೆರೆಯಲಿಲ್ಲ. ಇದು ಬರೀ ಪರೀಕ್ಷೆ ಎಂದು ಗೊತ್ತಿದ್ದೂ ಅವಳಿಂದ ಕಾಯಲಾಗಲಿಲ್ಲ. ಅವಳೇ ಬಾಗಿಲು ತಳ್ಳಿದಳು. ಹುಡುಗಿ ಬೆಂಚಿನ ಮೇಲೆ ಕಾಲು ಅಲ್ಲಾಡಿಸುತ್ತಾ ಕೂತಿದ್ದಳು. ಕೆಂಪು ದೀಪ ಹತ್ತಿರಲಿಲ್ಲ.

ದೀಪ ಹಾಕಿದ್ದ ಎಲೆಕ್ಟ್ರಿಷಿಯನ್ನನ್ನು ಕರೆಸಿದರು. ಅವನು ಬಿಟ್ಟುಹೋಗಿದ್ದ ತಂತಿ ಸೇರಿಸಿದ. ಹುಡುಗಿ ಮತ್ತೆ ಒಳಗೆ ಹೋದಳು, ಪುಕ್ಕಲಿ ಮತ್ತೆ ಗುಂಡಿ ಒತ್ತಿದಳು. ಈ ಸಲ ಬಾಗಿಲಿನ ಸಂದಿಯಲ್ಲಿ ಕೆಂಪು ಬೆಳಕು ಮಿನುಗಿತು, ಹುಡುಗಿ ಹೊರಗೆ ಬಂದಳು.

"ಮುಂದಿನ ಕೋಣೆ" ಎಂದಳು.