ಬಾಯ್ಲರ್ ಗುಡುಗಿದರೆ ಮಗಳು ಬರುತ್ತಾಳೆ

ಬೆಳಿಗ್ಗೆ ನಮ್ಮ ಗೀಸರ್ ಗುಡುಗುಡು ಅಂದಿತು. ತಕ್ಷಣ ನಾನು ಜಗಳೂರಿನ ಹಳೇ ಬಚ್ಚಲುಮನೆಯಲ್ಲಿ, ಹೊಗೆಗೆ ಕಣ್ಣುಜ್ಜಿಕೊಳ್ಳುತ್ತಾ ತಾಮ್ರದ ಬಾಯ್ಲರಿನ ಮುಂದೆ ನಿಂತಿದ್ದೆ.

ಒಲೆ ನಕ್ಕರೆ ನೆಂಟರು ಬರುತ್ತಾರೆಂಬುದು ಎಲ್ಲರ ಮನೆಯ ನಂಬಿಕೆ. ಆ ಶಾಸ್ತ್ರವನ್ನು ಬಾಯ್ಲರಿಗೂ ವಿಸ್ತರಿಸಿದ ಮಹಾ ವಿದುಷಿ ನಮ್ಮಜ್ಜಿ. ಸೀರೆಯೊಂದರ ವಿಷಯಕ್ಕೆ ಮುನಿಸಿಕೊಂಡು ಹೊನ್ನಾಳಿಯ ಗಂಡನ ಮನೆಗೆ ಹೋದ ನಮ್ಮ ಸೋದರತ್ತೆ ಮತ್ತೆ ತವರಿಗೆ ಕಾಲಿಟ್ಟಿರಲಿಲ್ಲ. ಬಾಯ್ಲರ್ ಗುಡುಗಿದಾಗಲೆಲ್ಲ ಅಜ್ಜಿ ಮಗಳಿಗೆಂದು ಒಂದು ರೊಟ್ಟಿ ಹೆಚ್ಚಿಗೆ ತಟ್ಟುತ್ತಿದ್ದಳು. ಸಂಜೆ ಅದನ್ನು ತಿಂದು ಮುಗಿಸುವ ಘನ ಜವಾಬ್ದಾರಿ ನನ್ನದು.

"ಅವ್ವಾ, ಬೋರಿನ ನೀರಿಗೆ ಒಳಗೆ ಸುಣ್ಣ ಕಟ್ಟೈತೆ. ಅದಕ್ಕೇ ಈ ಸದ್ದು," ಅಂದ ಅಪ್ಪ.

"ನಿನಗೇನು ಗೊತ್ತೈತೆ, ಸುಮ್ನಿರು," ಅಂದಳು ಅಜ್ಜಿ.

ಕೊನೆಗೊಂದು ದಿನ ಅಪ್ಪ ಹುಣಸೆಹುಳಿ ನೀರು ತುಂಬಿಸಿಟ್ಟು, ಸುಣ್ಣವನ್ನೆಲ್ಲ ಕೆರೆದು ತೆಗೆದ. ಮರುದಿನ ಬಾಯ್ಲರ್ ತುಟಿ ಬಿಚ್ಚಲಿಲ್ಲ. ಅಜ್ಜಿ ಅದರ ಮುಂದೆ ಬಹಳ ಹೊತ್ತು ಕೂತಿದ್ದಳು. ಆಮೇಲೆ ಎದ್ದು, ರೊಟ್ಟಿ ಗಂಟು ಕಟ್ಟಿಕೊಂಡು ಚಪ್ಪಲಿ ಮೆಟ್ಟಿದಳು.

"ಎಲ್ಲಿಗವ್ವಾ?" ಅಂದ ಅಪ್ಪ.

"ಹೊನ್ನಾಳಿಗೆ. ನೀನು ಇದರ ಬಾಯಿ ಮುಚ್ಚಿಸ್ಬಿಟ್ಟೆ. ಅವಳು ಬರ್ತಾಳೆ ಅಂತ ಹೇಳಾಕೆ ಇನ್ನು ಯಾರೂ ಇಲ್ಲ. ನಾನೇ ಹೋಗ್ತೀನಿ."

ಗೀಸರ್ ರಿಪೇರಿಯವನಿಗೆ ನಾಳೆ ಹೇಳಿದರಾಯಿತು. ಇವತ್ತು ಅತ್ತೆಗೆ ಫೋನ್ ಮಾಡಿದೆ.