ಬೇಳೆ ಪೊಟ್ಟಣದ ಗಣಿತ ಸ್ಪರ್ಧೆ

ತರೀಕೆರೆಯಲ್ಲಿ ನಮಗೆ ದಿನಸಿ ಕೊಡುತ್ತಿದ್ದ ಸಾಬರು ಹಳೆಯ ಪತ್ರಿಕೆಯನ್ನು ಪೂರ್ತಿ ಓದಿಯೇ ಪೊಟ್ಟಣ ಕಟ್ಟುತ್ತಿದ್ದರು. ಕಾಲೇಜು ಹುಡುಗರಿಗೆ ಗಣಿತ, ವಿಜ್ಞಾನದ ಸ್ಪರ್ಧೆ ಎಂದು ಕಂಡರೆ ಆ ಹಾಳೆ ನಮ್ಮ ಬೇಳೆಗೇ ಮೀಸಲು. ನನ್ನ ಮೈದುನ ಮೈಸೂರಿನಲ್ಲಿ ಓದುತ್ತಿದ್ದ. "ಓದ್ಲಿ ಬಿಡಮ್ಮ, ಬೇಳೆ ಜೊತೆ ಬಂದಿದ್ದು ತಾನೆ" ಎನ್ನುವರು. ಹೆಸರು ಕಳಿಸುವ ದಿನ ಮಾತ್ರ ಪ್ರತಿಸಲವೂ ಮುಗಿದಿರುತ್ತಿತ್ತು.

ಒಮ್ಮೆ ಏಕಾದಶಿಯ ಮಧ್ಯಾಹ್ನ, ಬಿಸಿಲಲ್ಲಿ ಬಾಗಿಲಿಗೇ ಬಂದರು.

"ಬೆಳಿಗ್ಗೆ ಕೊಟ್ಟ ಪೊಟ್ಟಣ ಬಿಚ್ಚಮ್ಮ. ಇವತ್ತೇ ಟಪಾಲಿಗೆ ಹಾಕಿದ್ರೆ ಹೆಸರು ತಲುಪುತ್ತೆ. ಏಕಾದಶಿ, ನೀವು ನಾಳೆವರೆಗೂ ಬೇಳೆ ಮುಟ್ಟಲ್ಲ ಅಂತ ಆಮೇಲೆ ಹೊಳೀತು."

ರಜೆಗೆ ಬಂದಿದ್ದ ಮೈದುನ ಹೆಸರು ಬರೆದುಕೊಂಡು ಅಂಚೆಗೆ ಓಡಿದ. ನಾನು ಸಾಬರಿಗೆ ನೀರು ತಂದೆ.

"ಬೇಡಮ್ಮ, ರಂಜಾನು. ನಂದೂ ಉಪವಾಸವೇ" ಎಂದು ಹೊರಟರು.

ಮೈದುನನಿಗೆ ಬಹುಮಾನ ಬರಲಿಲ್ಲ. ಆ ಏಕಾದಶಿಯ ಪುಣ್ಯದಲ್ಲಿ ಅರ್ಧ ಸಾಬರ ಹೆಸರಿಗೆ ಹಾಕಪ್ಪ ಎಂದು ದೇವರಿಗೆ ಅಂದೇ ಹೇಳಿಬಿಟ್ಟಿದ್ದೆ. ವಾಪಸು ಕೇಳಲಿಲ್ಲ.